ಒಂದೇ ಕೋಣೆಯ ಮನೆಯಲ್ಲಿ ಕೋವಿಡ್

ಸೋಂಕಿತರು ಕೆಮ್ಮಿದಾಗ, ಸೀನಿದಾಗ ಮಾತ್ರವಲ್ಲದೆ ಮಾತನಾಡುವಾಗಲೂ ಹೊರಬೀಳುವ ಸೂಕ್ಷ್ಮ ಹನಿಗಳ ಮೂಲಕ ಕೋವಿಡ್ ಹರಡುತ್ತದೆ. ಗಾಳಿಯಾಡದ ಕೋಣೆಯಲ್ಲಿ ಇವು ಬಹಳ ಹೊತ್ತು ತೇಲಾಡುತ್ತವೆ. ರೋಗಲಕ್ಷಣಗಳು ಕಾಣಿಸುವ ಮೊದಲೇ ಸೋಂಕು ಇತರರಿಗೆ ತಗಲಬಹುದು.

ಮುಂಬಯಿಯ ಸಯನ್‌ಗೆ ಹೊಂದಿಕೊಂಡಿರುವ ಧಾರಾವಿಯಲ್ಲಿ ಮೊದಲ ಪ್ರಕರಣ ವರದಿಯಾದುದು 2020ರ ಏಪ್ರಿಲ್ 1ರಂದು. ರೋಗಿಯನ್ನು ಮನೆಯಲ್ಲಿಯೇ ಪ್ರತ್ಯೇಕವಾಗಿ ಇರಿಸಬೇಕೆಂದು ಹೇಳುವುದು ಸುಲಭ. ಮನೆಯೇ ಒಂದು ಕೋಣೆ, ಹಲವು ಕುಟುಂಬಗಳಿಗೆ ಒಂದೇ ಶೌಚಾಲಯ ಇರುವಲ್ಲಿ ಅದು ಸಾಧ್ಯವೆ? ಆದುದರಿಂದ ನಗರಪಾಲಿಕೆಯು ಮನೆಮನೆಗೆ ತೆರಳಿ ಜ್ವರಪೀಡಿತರನ್ನು ಗುರುತಿಸಿತು. ಶಾಲೆಗಳಲ್ಲಿ ಪ್ರತ್ಯೇಕ ವಸತಿ ಕಲ್ಪಿಸಿತು. ಜೂನ್ ತಿಂಗಳಲ್ಲಿ ಹೊಸ ಪ್ರಕರಣಗಳು ಇಳಿಮುಖವಾದವು.

ಮನೆಯಲ್ಲಿ ಯಾರಿಗಾದರೂ ಕೆಮ್ಮು, ಜ್ವರ ಕಾಣಿಸಿಕೊಂಡಲ್ಲಿ ಕಿಟಕಿ, ಬಾಗಿಲುಗಳನ್ನು ತೆರೆದಿಡಿ. ರೋಗಿಯೂ ಆರೈಕೆ ಮಾಡುವವರೂ ಮುಖಗವಸು ಧರಿಸಬೇಕು. ಉಸಿರಾಟಕ್ಕೆ ತೊಂದರೆಯಾದಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.