ನಿಮಗಿದು ಗೊತ್ತೆ? ಮೊದಲ ಮಗುಗಾಡಿ ಎಳೆದದ್ದು ಆಡು!

ಮಕ್ಕಳನ್ನು ಕೂರಿಸಿ ಸುತ್ತಾಡಿಸುವ ಗಾಡಿ ಮೊದಲು ಬಂದದ್ದೇ ಸಿರಿವಂತರ ಮನೆಗೆ. ಇಂಗ್ಲೆಂಡಿನ ಡೆವನ್‌ಶೈರ್ ಡ್ಯೂಕ್‌ನ ಮಕ್ಕಳಿಗಾಗಿ 1733ರಲ್ಲಿ ವಿನ್ಯಾಸಕಾರ ವಿಲಿಯಂ ಕೆಂಟ್ ಇದನ್ನು ರೂಪಿಸಿದ. ಚಿಪ್ಪಿನಾಕಾರದ ಆ ಗಾಡಿಯನ್ನು ತಳ್ಳುವಂತಿರಲಿಲ್ಲ. ಆಡನ್ನೋ ಪುಟ್ಟ ಕುದುರೆಯನ್ನೋ ಕಟ್ಟಿ ಎಳೆಸಬೇಕಿತ್ತು.

ಶೋಕಿ ಇಂದಿಗೂ ತಗ್ಗಿಲ್ಲ. ಬ್ರಿಟನ್ನಿನ ಸಿಲ್ವರ್ ಕ್ರಾಸ್ ಕಂಪನಿ 2012ರಲ್ಲಿ ಐಷಾರಾಮಿ ಕಾರು ತಯಾರಿಸುವ ಆಸ್ಟನ್ ಮಾರ್ಟಿನ್ ಜತೆಗೂಡಿ ಅಲಾಯ್ ಚಕ್ರದ ಮಗುಗಾಡಿ ಹೊರತಂದಿತು. ಬೆಲೆ ಸುಮಾರು 2,000 ಪೌಂಡ್! ಮಾರಾಟಕ್ಕೆ ಬಿಟ್ಟದ್ದು 800 ಮಾತ್ರ.

ಮೂರ್ನಾಲ್ಕು ವರ್ಷ ತುಂಬುವಷ್ಟರಲ್ಲಿ ಮಗು ಗಾಡಿಯಿಳಿದು ಓಡತೊಡಗುತ್ತದೆ. ದುಬಾರಿ ಗಾಡಿ ಊರಿಗೆಲ್ಲ ಸಾರುವುದು ಅಪ್ಪ-ಅಮ್ಮನ ಅಂತಸ್ತನ್ನು. ಕಂದನಿಗೆ ಬೇಕಾದದ್ದು ಗಟ್ಟಿ ಬ್ರೇಕು, ಭದ್ರವಾದ ಬೆಲ್ಟು ಅಷ್ಟೆ.