ಮುಚ್ಚಳದ ಮೇಲಿನ ಇನಿಷಿಯಲ್
ಕುಡುಮಲಕುಂಟೆಯಲ್ಲಾಗಲಿ, ಶಿಡ್ಲಘಟ್ಟದಲ್ಲಾಗಲಿ, ಹಳೇ ಮನೆಯ ಅಟ್ಟದಲ್ಲಿ ಚರ್ಮದ ಪ್ರಯಾಣದ ಪೆಟ್ಟಿಗೆ ಸಿಕ್ಕರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮೊದಲು ಮುಚ್ಚಳ ನೋಡಿ.

ಯಜಮಾನರ ಇನಿಷಿಯಲ್ ಅಲ್ಲೇ ಇರಬಹುದು. ನಮ್ಮ ಕಡೆ ಮೊದಲ ಅಕ್ಷರ ಎಷ್ಟೋ ಸಲ ಪೂರ್ವಿಕರ ಊರಿನದು.

ಶಿಡ್ಲಘಟ್ಟ ಇರುವ ಜಿಲ್ಲೆಯದೇ ಆದ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರನ್ನೇ ತಗೊಳ್ಳಿ. ‘ಎಂ’ ಅಂದರೆ ಮೋಕ್ಷಗುಂಡಂ, ಇಂದಿನ ಆಂಧ್ರದಲ್ಲಿರುವ ಊರು. ಹಿರಿಯರು ಅಲ್ಲಿಂದ ವಲಸೆ ಬಂದವರು. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಮಗ 1898ರಲ್ಲಿ ಜಪಾನಿಗೆ ಹೋಗಿಬಂದರು, 1912ರಲ್ಲಿ ಮೈಸೂರಿನ ದಿವಾನರಾದರು. ಎಲ್ಲಿಗೆ ಹೋದರೂ ಆ ಅಕ್ಷರ ಹೆಸರಿನ ಜೊತೆಗೇ ಹೋಯಿತು. ಒಂದು ಕುಟುಂಬ ನಡೆದು ಬಂದ ದಾರಿಗೆ ಇದಕ್ಕಿಂತ ಗಟ್ಟಿ ಸುಳಿವು ನನಗೆ ಕಾಣದು. ನಿಮ್ಮ ಮನೆಯ ಅಕ್ಷರ ಯಾವ ಊರಿನದು ಅಂತ ಅಜ್ಜಿಯನ್ನು ಇವತ್ತೇ ಕೇಳಿ, ಬರೆದಿಟ್ಟುಕೊಳ್ಳಿ.

ಪೆಟ್ಟಿಗೆಗೆ ಅಂಟಿಸಿದ ರೈಲು, ಹಡಗಿನ ಚೀಟಿಗಳನ್ನು ಕೀಳಬೇಡಿ, ಫೋಟೊ ತೆಗೆಯಿರಿ. ಚರ್ಮ ಕೆಂಪು ಪುಡಿಯಾಗಿ ಕೈಗೆ ಅಂಟುತ್ತಿದೆಯಾ? ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮ ವಯಸ್ಸಾದಾಗ ಹೀಗೆ ಸವೆಯುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ, ಒದ್ದೆ ಬಟ್ಟೆಯೂ ಬೇಡ. ಹತ್ತಿ ಬಟ್ಟೆ ಸುತ್ತಿ, ಬಿಸಿಲು ಬೀಳದ ಕಡೆ ಇಡಿ. ಅದಕ್ಕೂ ಮುಂಚೆ ಒಳಗಿನ ಅಸ್ತರಿನ ಜೇಬು ತಡಕಿ: ಹಳೇ ಟಿಕೆಟ್ಟೋ ಅಂಗಡಿ ರಸೀದಿಯೋ ಸಿಕ್ಕರೆ ತಾರೀಖೂ ಸಿಕ್ಕ ಹಾಗೆ.