ಯುಎಸ್‌ಬಿ ಮೂಲಕ ಬಾಹ್ಯ ಡಿಸ್ಕ್‌ಗಳಿಗೆ ವಿದ್ಯುತ್ ಪೂರೈಕೆ

ತಾಡೋಲೆ ಹಾಗೂ ಕಾಗದದ ಪ್ರತಿಗಳ ಛಾಯಾಚಿತ್ರಗಳನ್ನು ಬಾಹ್ಯ ಹಾರ್ಡ್ ಡಿಸ್ಕ್‌ಗಳಲ್ಲಿ ಸಂಗ್ರಹಿಸುವುದು ಈಗ ರೂಢಿಯಾಗಿದೆ. ಇಂತಹ ಡಿಸ್ಕ್ ಕಾರ್ಯಮಧ್ಯದಲ್ಲಿ ಗಣಕಯಂತ್ರದಿಂದ ಕಾಣೆಯಾದರೆ, ಇಲ್ಲವೆ ಟಿಕ್ ಟಿಕ್ ಸದ್ದು ಮಾಡುತ್ತ ತಿರುಗದೆ ನಿಂತರೆ, ಅದು ಕೆಟ್ಟುಹೋಯಿತೆಂದೇ ಬಹುಮಂದಿ ನಿರ್ಣಯಿಸುತ್ತಾರೆ. ಆದರೆ ಅನೇಕ ವೇಳೆ ದೋಷವು ಡಿಸ್ಕಿನದಲ್ಲ. ಅದಕ್ಕೆ ಒದಗುವ ವಿದ್ಯುತ್ತಿನ ಕೊರತೆಯದು. ಇವೆರಡರ ಭೇದವನ್ನು ಅರಿಯುವ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಯುಎಸ್‌ಬಿ ಎಂಬುದು ಒಂದೇ ಕೇಬಲಿನಲ್ಲಿ ಮಾಹಿತಿ ಮತ್ತು ವಿದ್ಯುತ್ತು ಎರಡನ್ನೂ ಸಾಗಿಸುವ ವ್ಯವಸ್ಥೆ. ಇದರ ಮೊದಲ ಆವೃತ್ತಿ ಪ್ರಕಟವಾದದ್ದು ೧೯೯೬ರಲ್ಲಿ. ಇದರ ಮೂಲ ವೋಲ್ಟೇಜು ೫ ವೋಲ್ಟ್. ೨೦೦೦ದ ಎರಡನೆಯ ಆವೃತ್ತಿಯಂತೆ, ಜೋಡಿಸಿದ ಉಪಕರಣವು ಮೊದಲು ೧೦೦ ಮಿಲಿಆಂಪಿಯರನ್ನಷ್ಟೇ ಪಡೆಯಬಹುದು. ಗಣಕಯಂತ್ರದ ಅನುಮತಿ ದೊರೆತ ಬಳಿಕ ೫೦೦ರವರೆಗೆ ಪಡೆಯಬಹುದು. ೨೦೦೮ರ ಮೂರನೆಯ ಆವೃತ್ತಿಯು ಈ ಮಿತಿಗಳನ್ನು ಕ್ರಮವಾಗಿ ೧೫೦ ಮತ್ತು ೯೦೦ಕ್ಕೆ ಏರಿಸಿತು. ೨೦೧೪ರಲ್ಲಿ ಬಂದ 'ಸಿ' ಮಾದರಿಯ ಪೋರ್ಟ್ ೫ ವೋಲ್ಟಿನಲ್ಲಿ ೩ ಆಂಪಿಯರಿನವರೆಗೆ ಕೊಡಬಲ್ಲುದಾದರೂ, ಎಲ್ಲ ಗಣಕಯಂತ್ರಗಳೂ ಅಷ್ಟನ್ನು ಕೊಡಲೇಬೇಕೆಂಬ ನಿಯಮವಿಲ್ಲ.

೩.೫ ಅಂಗುಲದ ಡಿಸ್ಕಿಗೆ ೧೨ ವೋಲ್ಟ್ ಸಹ ಬೇಕಾದುದರಿಂದ ಅದಕ್ಕೆ ಪ್ರತ್ಯೇಕ ಅಡಾಪ್ಟರ್ ಇರುತ್ತದೆ. ೨.೫ ಅಂಗುಲದ್ದು ಯುಎಸ್‌ಬಿಯನ್ನೇ ಅವಲಂಬಿಸುತ್ತದೆ. ನಿಂತಿರುವ ತಟ್ಟೆಗಳನ್ನು ತಿರುಗಿಸತೊಡಗುವಾಗ ಅದಕ್ಕೆ ಬೇಕಾಗುವ ಪ್ರವಾಹ ಎಲ್ಲಕ್ಕಿಂತ ಹೆಚ್ಚು. ಆದುದರಿಂದಲೇ ಕೊರತೆಯು ಮೊದಲು ಆರಂಭದಲ್ಲಿ ಗೋಚರಿಸುತ್ತದೆ.

ಕೇಬಲಿನ ಪಾತ್ರವನ್ನು ಲೆಕ್ಕದಿಂದ ತಿಳಿಯಬಹುದು. ೨೮ ಗೇಜಿನ ತೆಳು ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು ೦.೨೧ ಓಮ್. ಎರಡು ಮೀಟರಿನ ಕೇಬಲಿನಲ್ಲಿ ವಿದ್ಯುತ್ತು ಹೋಗಿ ಬರುವ ದೂರ ನಾಲ್ಕು ಮೀಟರ್. ೯೦೦ ಮಿಲಿಆಂಪಿಯರ್ ಹರಿದಾಗ ಸುಮಾರು ಮುಕ್ಕಾಲು ವೋಲ್ಟ್ ದಾರಿಯಲ್ಲೇ ನಷ್ಟವಾಗಿ, ಡಿಸ್ಕಿಗೆ ತಲಪುವುದು ೪.೨೫ ವೋಲ್ಟ್ ಮಾತ್ರ. ಸಾಮಾನ್ಯವಾಗಿ ಡಿಸ್ಕ್‌ಗಳು ಸಹಿಸುವುದು ಶೇಕಡ ೫ರ ಏರಿಳಿತವನ್ನು, ಅಂದರೆ ೪.೭೫ರವರೆಗಿನ ಇಳಿತವನ್ನು. ಅರ್ಧ ಮೀಟರಿನ, ೨೪ ಗೇಜಿನ ದಪ್ಪ ತಂತಿಯ ಕೇಬಲಿನಲ್ಲಾದರೋ ನಷ್ಟವು ೦.೦೮ ವೋಲ್ಟನ್ನು ಮೀರದು.

ಹಬ್ಬಿನ ವಿಷಯವೂ ಗಮನಾರ್ಹ. ಎರಡನೆಯ ಆವೃತ್ತಿಯ, ಸ್ವಂತ ಅಡಾಪ್ಟರ್ ಇಲ್ಲದ ಹಬ್ ತನಗೆ ದೊರೆತ ೫೦೦ ಮಿಲಿಆಂಪಿಯರಿನಲ್ಲಿ ೧೦೦ನ್ನು ತಾನಿಟ್ಟುಕೊಂಡು ನಾಲ್ಕು ಪೋರ್ಟ್‌ಗಳಿಗೆ ತಲಾ ೧೦೦ನ್ನು ಹಂಚುತ್ತದೆ. ಇದರಿಂದ ಡಿಸ್ಕ್ ನಡೆಯಲಾರದು. ಅಡಾಪ್ಟರ್ ಉಳ್ಳ ಹಬ್ಬೇ ಗ್ರಾಹ್ಯ. ಎರಡು ಪೋರ್ಟ್‌ಗಳಿಂದ ವಿದ್ಯುತ್ತನ್ನು ಸೆಳೆಯುವ ಕವಲು ಕೇಬಲು ಕೆಲವೊಮ್ಮೆ ಫಲಿಸಿದರೂ ಅದು ನಿಯಮಸಮ್ಮತವಲ್ಲ.

ಆದ್ದರಿಂದ ಪರೀಕ್ಷೆಯ ಕ್ರಮವು ಹೀಗಿರಬೇಕು: ಹಬ್ಬನ್ನು ಬಿಟ್ಟು ಡಿಸ್ಕನ್ನು ಗಣಕಯಂತ್ರದ ಪೋರ್ಟಿಗೇ ಜೋಡಿಸುವುದು, ಗಿಡ್ಡನೆಯ ದಪ್ಪ ಕೇಬಲನ್ನು ಬಳಸುವುದು, ಇತರ ಉಪಕರಣಗಳನ್ನು ಕಳಚುವುದು, ವಿದ್ಯುತ್ ಉಳಿತಾಯಕ್ಕಾಗಿ ಪೋರ್ಟನ್ನು ತಾನಾಗಿ ನಿಲ್ಲಿಸುವ ಏರ್ಪಾಡನ್ನು ರದ್ದುಪಡಿಸುವುದು. ಆಗ ಡಿಸ್ಕ್ ಸರಿಯಾಗಿ ನಡೆದರೆ ದೋಷ ಪೂರೈಕೆಯದೆಂದು ತಿಳಿಯಬೇಕು. ಆಗಲೂ ಸದ್ದು ಮುಂದುವರಿದರೆ ದೋಷ ಡಿಸ್ಕಿನದೇ ಆಗಿರುವ ಸಂಭವ ಹೆಚ್ಚು. ಮತ್ತೆ ಮತ್ತೆ ಪ್ರಯತ್ನಿಸದೆ ತಜ್ಞರಿಗೆ ಒಪ್ಪಿಸುವುದು ಲೇಸು.

ಬರೆಯುವ ಹೊತ್ತಿನಲ್ಲಿ ವಿದ್ಯುತ್ತು ತಪ್ಪಿದರೆ ಒಂದು ಚಿತ್ರ ಮಾತ್ರವಲ್ಲ, ಕಡತಗಳ ಸೂಚಿಯೇ ಕೆಟ್ಟು ಇಡೀ ಸಂಗ್ರಹ ಅಗೋಚರವಾಗಬಹುದು. ಚಿತ್ರ ತೆಗೆದ ಬಳಿಕ ಮೂಲದ ಗರಿ ಮುರಿದಿದ್ದರೆ ಆ ಪಾಠವನ್ನು ಮತ್ತೆ ಪಡೆಯುವ ದಾರಿಯಿಲ್ಲ. ಎರಡನೆಯ ಪ್ರತಿಯೊಂದನ್ನು ಬೇರೆ ಡಿಸ್ಕಿನಲ್ಲಿ ಇರಿಸುವುದರ ಜೊತೆಗೆ, ಡಿಸ್ಕಿಗೆ ತಕ್ಕ ಕೇಬಲನ್ನು ಅದರೊಡನೆಯೇ ಕಟ್ಟಿಡುವುದೂ ಗ್ರಂಥರಕ್ಷಣೆಯ ಅಂಗವೆಂದು ಭಾವಿಸತಕ್ಕದ್ದು.